ಹುಟ್ಟಿನಿಂದ ಬಂದ ಜ್ಞಾನವೇ ಇಲ್ಲ ಎಂದ ಲಾಕ್‌ಗೆ ಸಹಜ ಹಕ್ಕುಗಳು ಸಿಕ್ಕಿದ್ದೆಲ್ಲಿ?

ನೇತ್ರಾವತಿ:
ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್‌ನ ಎರಡು ಕೃತಿಗಳು 1689ರ ಕೊನೆಗೆ ಹೆಚ್ಚುಕಡಿಮೆ ಒಟ್ಟಿಗೇ ಅಚ್ಚಾದವು. ಮಾನವನ ತಿಳಿವಳಿಕೆ ಕುರಿತ ಪ್ರಬಂಧದ ಮೊದಲ ಸಂಪುಟ ಪೂರ್ತಿ ಒಂದೇ ವಾದ: ಮನಸ್ಸಿನಲ್ಲಿ ಹುಟ್ಟುವಾಗಲೇ ಕೆತ್ತಿಟ್ಟ ತತ್ವ ಯಾವುದೂ ಇಲ್ಲ, ನೀತಿಯ ತತ್ವವಂತೂ ಇಲ್ಲವೇ ಇಲ್ಲ. ಸರ್ಕಾರ ಕುರಿತ ಎರಡನೆಯ ಪ್ರಬಂಧದ 11ನೇ ಖಂಡಿಕೆ ತೆರೆದರೆ, ಕೊಲೆಗಾರನನ್ನು ಕೊಲ್ಲಬಹುದೆಂಬ ನಿಯಮ ಎಲ್ಲ ಮನುಷ್ಯರ ಹೃದಯದಲ್ಲೂ ಬರೆದಿತ್ತು ಅನ್ನುತ್ತಾನೆ. ಎರಡನೆಯ ಪುಸ್ತಕಕ್ಕೆ ಹೆಸರು ಹಾಕದೆ, ತನ್ನದೆಂದು ಉಯಿಲಿನ ಅನುಬಂಧದಲ್ಲಷ್ಟೇ ಒಪ್ಪಿಕೊಂಡವನು ಅವನು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಹಕ್ಕುಗಳ ಬುಡ ಅಲುಗುತ್ತದೆ.

ಹಳೆಯಹೊತ್ತಗೆ:
11ನೇ ಖಂಡಿಕೆಯಲ್ಲಿ ಅವನು ಮಾತಾಡುತ್ತಿರುವುದು ಬೈಬಲ್ಲಿನಲ್ಲಿ ತಮ್ಮನನ್ನು ಕೊಂದ ಕಾಯಿನನ ಭಯದ ಬಗ್ಗೆ. ಆ ನುಡಿಗಟ್ಟೂ ಬೈಬಲ್ಲಿನದೇ. ಜ್ಞಾನದ ಸಿದ್ಧಾಂತವನ್ನು ಅದರ ಮೇಲೆ ನಿಲ್ಲಿಸಬೇಡಿ. 6ನೇ ಖಂಡಿಕೆ ನೋಡಿ: ನಿಸರ್ಗ ನಿಯಮ (ಸಹಜ ಹಕ್ಕುಗಳಿಗೆ ಆಧಾರವಾದ, ಸರ್ಕಾರ ಮಾಡದ ನೀತಿನಿಯಮ) ಎಂದರೆ ವಿವೇಕ, ಅದನ್ನು ಕೇಳಲು ಮನಸ್ಸು ಮಾಡಿದವರಿಗೆ ಅದು ಕಲಿಸುತ್ತದೆ. ಅಂದರೆ ಪ್ರಯತ್ನ ಬೇಕು.

ತಿಳಿವಳಿಕೆಯ ಪ್ರಬಂಧದ 1.3.13ರಲ್ಲಿ (ಸಂಪುಟ, ಅಧ್ಯಾಯ, ಖಂಡಿಕೆ) ಈ ಆಕ್ಷೇಪಕ್ಕೆ ಅವನೇ ಉತ್ತರ ಕೊಟ್ಟಿದ್ದಾನೆ. ಮನಸ್ಸಿನ ಮೇಲೆ ಮೊದಲೇ ಅಚ್ಚೊತ್ತಿದ ನಿಯಮ ಬೇರೆ. ಈಗ ನಮಗೆ ಗೊತ್ತಿಲ್ಲದಿದ್ದರೂ ಸಹಜ ಶಕ್ತಿಗಳನ್ನು ಸರಿಯಾಗಿ ಬಳಸಿದರೆ ತಿಳಿಯಬಹುದಾದ ನಿಯಮ ಬೇರೆ. 1660ರ ದಶಕದಲ್ಲಿ, ಆಕ್ಸ್‌ಫರ್ಡಿನಲ್ಲಿದ್ದಾಗ ಲ್ಯಾಟಿನ್ನಿನಲ್ಲಿ ಬರೆದ ನಿಸರ್ಗ ನಿಯಮದ ಪ್ರಬಂಧಗಳಲ್ಲೂ ಇದೇ ನಿಲುವು. ಹೃದಯದ ಬರಹ ಮೂಲವಲ್ಲ, ಪರಂಪರೆಯೂ ಅಲ್ಲ. ಇಂದ್ರಿಯಗಳು ಸಾಮಗ್ರಿ ಕೊಡುತ್ತವೆ, ವಿವೇಕ ಅದರಿಂದ ನಿಯಮಕ್ಕೆ ತಲುಪುತ್ತದೆ. ಅವು ಅಚ್ಚಾಗಿದ್ದು 1954ರಲ್ಲಿ. ಅಲ್ಲಿಯವರೆಗಿನ ಓದುಗರಿಗೆ ಈ ವಿರೋಧಾಭಾಸ ದೊಡ್ಡದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಸಂಶಯಿ:
ವಿರೋಧಾಭಾಸ ಇಲ್ಲ, ಒಪ್ಪಿದೆ. ಆದರೆ ತೂತು ಇದೆ, ಅದು ನೇತ್ರಾವತಿ ತೋರಿಸಿದ ಜಾಗದಲ್ಲಿಲ್ಲ. ಅವನ ವಾದದ ಮೆಟ್ಟಿಲುಗಳನ್ನೇ ಹತ್ತೋಣ. ಇಂದ್ರಿಯಗಳಿಂದ ಮತ್ತು ನಮ್ಮ ಅಸ್ತಿತ್ವದ ಅರಿವಿನಿಂದ ಹೊರಟು ಸೃಷ್ಟಿಕರ್ತನೊಬ್ಬನಿದ್ದಾನೆ ಎಂಬ ತೀರ್ಮಾನಕ್ಕೆ ಬರುತ್ತಾನೆ (4.10). ಮಾಡಿದವನಿಗೆ ಮಾಡಿದ ವಸ್ತುವಿನ ಮೇಲೆ ಅಧಿಕಾರ. ಹಾಗಾಗಿ ನಾವು ಅವನ ಸ್ವತ್ತು, ನಮ್ಮನ್ನಾಗಲಿ ಇನ್ನೊಬ್ಬರನ್ನಾಗಲಿ ನಾಶಮಾಡುವಂತಿಲ್ಲ. ಜೀವ, ಆರೋಗ್ಯ, ಸ್ವಾತಂತ್ರ್ಯ, ಆಸ್ತಿಯ ರಕ್ಷಣೆ ಇಲ್ಲಿಂದ ಬರುತ್ತದೆ.

‘ಮಾಡಿದ್ದಾನೆ’ ಎಂಬುದರಿಂದ ‘ವಿಧೇಯರಾಗಬೇಕು’ ಎಂಬುದಕ್ಕೆ ಹಾರುವಾಗ ತತ್ವಜ್ಞಾನಿ ಡೇವಿಡ್ ಹ್ಯೂಮ್ ತಡೆಯುತ್ತಾನೆ (ಮಾನವ ಸ್ವಭಾವ ಕುರಿತ ಅವನ ಗ್ರಂಥದ 1740ರ ಮೂರನೇ ಸಂಪುಟ). ನನಗೆ ಅದಕ್ಕಿಂತ ಗಂಭೀರವಾಗಿ ಕಾಣುವುದು ಲಾಕ್‌ನದೇ ಷರತ್ತು. ಪ್ರತಿಫಲ, ಶಿಕ್ಷೆ ಇಲ್ಲದ ನಿಯಮ ವ್ಯರ್ಥ ಎಂದು 2.28ರಲ್ಲಿ ಹೇಳುತ್ತಾನೆ. ಈ ಲೋಕದಲ್ಲಿ ಕೆಟ್ಟವರು ಸುಖವಾಗಿರುವುದನ್ನು ಕಾಣುತ್ತೇವೆ, ಆದ್ದರಿಂದ ಶಿಕ್ಷೆ ಪರಲೋಕದಲ್ಲಿರಬೇಕು. ಆದರೆ ಸತ್ತವರು ಮತ್ತೆ ಏಳುವುದು ವಿವೇಕದ ಎಟುಕಿಗೆ ಮೀರಿದ್ದು, ನಂಬಿಕೆಯ ವಿಷಯ ಎಂದು 4.18ರಲ್ಲಿ ಅವನೇ ಬರೆಯುತ್ತಾನೆ. ಶಿಕ್ಷೆ ತಿಳಿಯದೆ ನಿಯಮ ನಿಯಮವಲ್ಲ, ಶಿಕ್ಷೆ ತಿಳಿಯಲು ಧರ್ಮಗ್ರಂಥ ಬೇಕು. ಹಾಗಾದರೆ ಇದು ವಿವೇಕಕ್ಕೆ ತಾನಾಗಿ ಸಿಗುವ ನಿಯಮ ಹೇಗಾಯಿತು? ಗೆಳೆಯ ಜೇಮ್ಸ್ ಟಿರೆಲ್ 1690ರಲ್ಲೇ ಕಾಗದ ಬರೆದು ನಿಸರ್ಗ ನಿಯಮದ ಸ್ಥಾನ ಯಾವುದೆಂದು ಪೀಡಿಸಿದ. ಲಾಕ್‌ನ ಉತ್ತರದಲ್ಲಿ ಸಿಟ್ಟು ಹೆಚ್ಚು, ವಾದ ಕಡಿಮೆ.

ಹಳೆಯಹೊತ್ತಗೆ:
2.21.70 ಬಿಟ್ಟುಬಿಟ್ಟಿರಿ. ಪರಲೋಕ ಸಾಧ್ಯ ಎಂಬಷ್ಟೇ ಸಾಕು, ಅನಂತ ಸುಖದುಃಖದ ಬರೀ ಸಾಧ್ಯತೆಯೇ ವಿವೇಕಿಯ ಆಯ್ಕೆಯನ್ನು ತೂಗುತ್ತದೆ ಎನ್ನುತ್ತಾನೆ. ಪೂರ್ತಿ ಪುರಾವೆ ಬೇಕಿಲ್ಲ.

ಸಂಶಯಿ:
ಅದು ಎಚ್ಚರಿಕೆಯಿಂದ ನಡೆಯಲು ಕಾರಣ ಕೊಡುತ್ತದೆ, ನಿಯಮದ ಜ್ಞಾನ ಕೊಡುವುದಿಲ್ಲ. ‘ಶಿಕ್ಷೆ ಇರಬಹುದು’ ಎಂದಷ್ಟೇ ಗೊತ್ತಿದ್ದರೆ ಏನು ಮಾಡಿದರೆ ಶಿಕ್ಷೆ ಎಂಬುದು ಗೊತ್ತಾಗುವುದಿಲ್ಲ.

ನೇತ್ರಾವತಿ:
ಆ ‘ಏನು’ ಎಂಬುದಕ್ಕೆ ಅವನು ಗಣಿತದ ದಾರಿ ತೋರಿಸಿದ್ದ. 4.3.18ರ ಉದಾಹರಣೆ: ಆಸ್ತಿ ಇಲ್ಲದ ಕಡೆ ಅನ್ಯಾಯವಿಲ್ಲ. ಆಸ್ತಿ ಎಂದರೆ ವಸ್ತುವಿನ ಮೇಲಿನ ಹಕ್ಕು, ಅನ್ಯಾಯ ಎಂದರೆ ಆ ಹಕ್ಕಿನ ಉಲ್ಲಂಘನೆ. ಆದ್ದರಿಂದ ಈ ವಾಕ್ಯ ತ್ರಿಕೋನದ ಮೂರು ಕೋನಗಳು ಎರಡು ಲಂಬಕೋನಕ್ಕೆ ಸಮ ಎಂಬಷ್ಟೇ ಖಚಿತವಂತೆ. ಖಚಿತ ನಿಜ, ಆದರೆ ವ್ಯಾಖ್ಯೆಗಳ ಸಂಬಂಧ ಮಾತ್ರ. ಈ ಹೊಲ ಯಾರದ್ದು, ಯಾಕೆ ಅವನದ್ದು ಅನ್ನುವುದು ಅದರಿಂದ ಹೊರಡುವುದಿಲ್ಲ. ಡಬ್ಲಿನ್ನಿನ ಗೆಳೆಯ ವಿಲಿಯಂ ಮಾಲಿನೋ ಆ ನೀತಿಶಾಸ್ತ್ರವನ್ನು ಬರೆದು ಮುಗಿಸು ಎಂದು ಒತ್ತಾಯಿಸಿದ. ಸುವಾರ್ತೆಗಳಲ್ಲೇ ಪರಿಪೂರ್ಣ ನೀತಿ ಇದೆ ಎಂದು ಲಾಕ್ 1696ರಲ್ಲಿ ಜಾರಿಕೊಂಡ. ನನ್ನ ದೃಷ್ಟಿಯಲ್ಲಿ ಅದು ಶರಣಾಗತಿ.

ಕಟ್ಟಳೆ:
ಹಕ್ಕಿನ ವಾದವನ್ನು ಪರಲೋಕಕ್ಕೆ ಇಷ್ಟು ಬಿಗಿಯಾಗಿ ಕಟ್ಟಬೇಕಿಲ್ಲ. ಎರಡನೆಯ ಪ್ರಬಂಧದ 27ನೇ ಖಂಡಿಕೆಯಲ್ಲಿ ಪ್ರತಿಯೊಬ್ಬನಿಗೂ ತನ್ನ ದೇಹ ತನ್ನದು, ದುಡಿಮೆ ಬೆರೆತದ್ದು ಅವನ ಸ್ವತ್ತು. ಎರಡು ಮಿತಿಗಳಿವೆ: ಇತರರಿಗೆ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿಯಬೇಕು, ಮತ್ತು ಕೊಳೆಯುವಷ್ಟು ಕೂಡಿಡಬಾರದು (31). ಹಣ ಕೊಳೆಯದ ಕಾರಣ ಎರಡನೆಯ ಮಿತಿ 46ರಿಂದ 50ರೊಳಗೆ ಸಡಿಲವಾಗಿಬಿಡುತ್ತದೆ. ಇದನ್ನು ಒಪ್ಪಲು ಅಥವಾ ತಳ್ಳಲು ನರಕದ ಪುರಾವೆ ಬೇಕಿಲ್ಲ.

ನನ್ನ ತಕರಾರು ಅವನ ಸಾಕ್ಷ್ಯದ ಬಗ್ಗೆ. ತಿಳಿವಳಿಕೆಯ ಪ್ರಬಂಧದ 1.3ರಲ್ಲಿ ಪ್ರವಾಸಕಥನಗಳಿಂದ ಶಿಶುಹತ್ಯೆಯಂಥ ಆಚಾರಗಳನ್ನು ಎತ್ತಿ, ಎಲ್ಲರೂ ಒಪ್ಪಿದ ನೀತಿ ಇಲ್ಲ ಎಂದು ತೋರಿಸುತ್ತಾನೆ. ಎರಡನೆಯ ಪ್ರಬಂಧದ 49ರಲ್ಲಿ ಮೊದಲು ಜಗತ್ತೆಲ್ಲ ಅಮೆರಿಕದಂತಿತ್ತು ಎಂದು, ಅಲ್ಲಿನ ಮೂಲನಿವಾಸಿಗಳ ನೆಲವನ್ನು ಉಳುಮೆಯಿಲ್ಲದ ಬಂಜರಿನಂತೆ ಕಾಣುತ್ತಾನೆ. ದೂರದ ಜನರ ವೈವಿಧ್ಯ ಒಂದು ಕಡೆ ಪುರಾವೆ, ಇನ್ನೊಂದು ಕಡೆ ಕೊರತೆ. ಅಮೆರಿಕದ ಇಂಗ್ಲಿಷ್ ವಸಾಹತು ಕ್ಯಾರೊಲೈನಾದ 1669ರ ಸಂವಿಧಾನದ ಕೆಲಸದಲ್ಲೂ ಅವನ ಕೈ ಇತ್ತು. ಅದರಲ್ಲಿ ಕಪ್ಪು ಗುಲಾಮರ ಮೇಲೆ ಒಡೆಯನಿಗೆ ಸಂಪೂರ್ಣ ಅಧಿಕಾರ. ಇದನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸಹಿಸಲಾಗದು.

ಹಳೆಯಹೊತ್ತಗೆ:
ಆ ಕೊನೆಯ ಮಾತಿಗೆ ನನ್ನಲ್ಲಿ ಪ್ರತಿವಾದವಿಲ್ಲ, ಇರಬಾರದು ಕೂಡ. ಹೊಸದಾಗಿ ಓದುವವರಿಗೆ: 1.3.13, ಆಮೇಲೆ 2.28.5ರಿಂದ 8, ನಂತರ 4.3.18, ಕೊನೆಗೆ ಎರಡನೆಯ ಪ್ರಬಂಧದ 4ರಿಂದ 13. ಈ ಕ್ರಮದಲ್ಲಿ ಹೋದರೆ 12ನೇ ಖಂಡಿಕೆಯಲ್ಲಿ ನಿಸರ್ಗ ನಿಯಮದ ವಿವರಗಳಿಗೆ ಇಲ್ಲಿ ಕೈಹಾಕುವುದಿಲ್ಲ ಎಂದು ಲಾಕ್ ಹೇಳುವ ಸಾಲು ತಪ್ಪಿಹೋಗದು. ಸಂಶಯಿ ಕೇಳಿದ ಪ್ರಶ್ನೆಗೆ ಉತ್ತರ ಇರಬೇಕಾಗಿದ್ದ ಜಾಗ ಅದೇ.