ಚೌತಿ ಖರ್ಚು, ವಾರದ ಕಂತು: ಮೇಡಂ ಹತ್ತಿರ ಕೇಳಿ

ಗುಂಪಿನ ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಚೌತಿಗೆ ಇನ್ನು ಮೂರೇ ವಾರ. ಅದರ ಬೆನ್ನಿಗೆ ನವರಾತ್ರಿ, ದೊಡ್ಡಹಬ್ಬ (ದೀಪಾವಳಿ). ಬ್ಯಾಂಕಿನಲ್ಲಿ 31 ವರ್ಷ ಸಾಲದ ಕೆಲಸ ನೋಡಿ ನಿವೃತ್ತರಾದ ಕುಮಟೆಯ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಶಿರಸಿ, ಅಡಿಕೆ ತೋಟದವರು: ಮೇಡಂ, ನಮಗೆ ದುಡ್ಡು ಬರುವುದು ಕೊಯ್ಲು ಮುಗಿದ ಮೇಲೆ. ಹಬ್ಬಗಳೆಲ್ಲ ಅದಕ್ಕಿಂತ ಮೊದಲು. ಸೊಸೈಟಿಯ ಬೆಳೆಸಾಲದಲ್ಲೇ ಹಬ್ಬ ಮಾಡಿದರೆ ಏನು ತಪ್ಪು? ಬಡ್ಡಿ ಹೇಗೂ ಇಲ್ಲ.

ಮೇಡಂ: 5 ಲಕ್ಷದ ತನಕ ಸೊನ್ನೆ ಬಡ್ಡಿ, ನಿಜ. ಆದರೆ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಆ ದುಡ್ಡು ಇರುವುದು ಗೊಬ್ಬರಕ್ಕೆ, ಅಡಿಕೆಯ ಕೊಳೆರೋಗದ ಮದ್ದಿಗೆ. ಸೀರೆಗೆ ಹೋದರೆ ಮುಂದಿನ ಮಳೆಗೆ ಮದ್ದು ಹೊಡೆಯಲು ಮತ್ತೆ ಕೈಗಡ ಕೇಳಬೇಕು.

ಕಾರವಾರ, ನೌಕರರು: ಬಡ್ಡಿ ಇಲ್ಲದ ಕಂತಿನಲ್ಲಿ ಫ್ರಿಜ್ ತಗೊಳ್ಳಬಹುದಾ?

ಮೇಡಂ: ಬಡ್ಡಿ ಇದೆ, ಕಾಣುವುದಿಲ್ಲ ಅಷ್ಟೆ. ಕಾರ್ಡಿನ ಮೇಲೆ ಸೊನ್ನೆ ಬಡ್ಡಿ ಸ್ಕೀಮು ಕೂಡದು ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಹೇಳಿದೆ. ಈಗ ಆ ಬಡ್ಡಿಯಷ್ಟನ್ನು ರಿಯಾಯಿತಿ ಅಂತ ಬಿಲ್ಲಿನಲ್ಲಿ ಕಳೆಯುತ್ತಾರೆ. ಬಡ್ಡಿಯ ಮೇಲಿನ 18% ಜಿಎಸ್‌ಟಿ, ಪ್ರೊಸೆಸಿಂಗ್ ಫೀ ನಿಮ್ಮ ತಲೆಗೆ. ಒಮ್ಮೆಲೇ ನಗದು ಕೊಟ್ಟರೆ ಎಷ್ಟಕ್ಕೆ ಬಿಡುತ್ತಾರೆ ಕೇಳಿ, ಆಗ ಗೊತ್ತಾಗುತ್ತದೆ.

ಹೊನ್ನಾವರ, ಸದಸ್ಯರು: ಬಂಗಾರ ಈಗಲೇ ತಗೊಳ್ಳಲೋ, ದೀಪಾವಳಿಗೋ?

ಅಂಕೋಲಾ, ಸದಸ್ಯೆ: ಮೇಡಂ, ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ನಮ್ಮವರು ಬೋಟಿಗೆ ಹೋಗುತ್ತಾರೆ. ಜೂನ್, ಜುಲೈ ಬಂದ್ ಇತ್ತು. ಬೋಟು ಇಳಿದ ಮೇಲೂ ಗಾಳಿಗೆ ಸರಿ ಮೀನಿಲ್ಲ. ಒಳ್ಳೆ ತಿಂಗಳಲ್ಲಿ ಅವರ ಪಾಲು 18,000, ನಾನು ಸಿಗಡಿ ಸುಲಿದು 4,000. ಮೂರು ಸಂಘದ ಸಾಲ ಇದೆ, ವಾರಕ್ಕೆ 2,400 ಕಂತು. ಕಂತು ಕಟ್ಟಲು ಒಂದು ಆ್ಯಪಿನಲ್ಲಿ 15,000 ತೆಗೆದೆ, ಕೈಗೆ ಬಂದದ್ದು 11,000. ಹದಿನೈದು ದಿನದಲ್ಲಿ ಪೂರ್ತಿ ಕಟ್ಟಬೇಕಂತೆ. ಮುಂಬೈಯಿಂದ ಮೈದುನನ ಮನೆಯವರು ಚೌತಿಗೆ ಬರುತ್ತಾರೆ. ನಾಲ್ಕನೇ ಸಂಘದವರು 40,000 ಕೊಡುತ್ತೇವೆ ಅಂದಿದ್ದಾರೆ. ತಗೊಳ್ಳಲಾ? ನಮ್ಮವರು ರಾತ್ರಿ ನಿದ್ದೆ ಮಾಡುವುದಿಲ್ಲ. ನಿನ್ನೆ "ನಾನೇ ಇಲ್ಲದಿದ್ದರೆ ನಿಮಗೆ ಸಲೀಸು" ಅಂದರು.

ಮೇಡಂ: ತಂಗಿ, ನಿಮ್ಮ ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ಆ ಮಾತನ್ನು ಸುಮ್ನೆ ಅಂದಿದ್ದು ಅಂತ ಬಿಡಬೇಡಿ. ಸಾಯುವ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಜಾಸ್ತಿ ಆಗುವುದಿಲ್ಲ. ಇವತ್ತು ರಾತ್ರಿ ಅವರನ್ನು ಒಬ್ಬರೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ನಿಮ್ಮವರು ಯಾರ ಮಾತು ಕೇಳುತ್ತಾರೆ? ಬೋಟು ನಡೆಸುವ ತಾಂಡೇಲರದಾ? ಅವರನ್ನು ಮನೆಗೆ ಕರೆಯಿರಿ.

ಇನ್ನು ಸಾಲ. ನಾಲ್ಕನೆಯದು ಬೇಡವೇ ಬೇಡ. ಸಂಘ ಅಂದರೂ ಇವು ಮೈಕ್ರೋಫೈನಾನ್ಸ್ ಕಂಪನಿಗಳು. ಮನೆಯ ತಿಂಗಳ ಆದಾಯದಲ್ಲಿ ಎಲ್ಲ ಸಾಲದ ಕಂತು ಸೇರಿ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ. ನಿಮ್ಮ ಆದಾಯ ಒಳ್ಳೆ ತಿಂಗಳಲ್ಲೇ 22,000, ಅರ್ಧ 11,000. ಈಗಿನ ಕಂತೇ ತಿಂಗಳಿಗೆ 10,400 ಆಯಿತು, ಆ್ಯಪಿನದು ಬಿಟ್ಟು. ಹಾಗಿದ್ದೂ ಕೊಡುತ್ತಾರೆ ಅಂದರೆ ಫಾರ್ಮಿನಲ್ಲಿ ನಿಮ್ಮ ಆದಾಯ ಎಷ್ಟು ಬರೆಯುತ್ತಾರೋ ನೋಡಿ. ಬದಲಿಗೆ ಮೂರೂ ಕಡೆ ಬ್ರಾಂಚಿಗೆ ಹೋಗಿ. ಬೋಟು ಬಂದ್ ಇತ್ತು, ಕಂತು ಸಣ್ಣದು ಮಾಡಿ ಅವಧಿ ಹೆಚ್ಚಿಸಿ ಅಂತ ಬರೆದು ಕೊಡಿ. ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವ ಹಾಗಿಲ್ಲ. ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ.

ಆ್ಯಪು: 11,000ಕ್ಕೆ 4,000 ಜಾಸ್ತಿ. ಅಂದರೆ ನೂರಕ್ಕೆ 36. ಕ್ರೆಡಿಟ್ ಕಾರ್ಡು ವರ್ಷಕ್ಕೆ ಕೀಳುವುದನ್ನು ಇದು ಹದಿನೈದೇ ದಿನಕ್ಕೆ ಕೀಳುತ್ತದೆ. ಸಾಲ ಕೊಟ್ಟ ಕಂಪನಿಯ ಹೆಸರು, ವರ್ಷದ ಬಡ್ಡಿ ದರ ಬರೆದ ಚೀಟಿ ಕೇಳಿ. ನಿಮ್ಮ ಫೋನಿನ ನಂಬರುಗಳು, ಫೋಟೋ ನೋಡುವ ಹಕ್ಕು ಅವರಿಗಿಲ್ಲ. ಫೋಟೋ ತಿದ್ದಿ ಹೆದರಿಸಿದರೆ ಸೈಬರ್ ಸಹಾಯವಾಣಿ 1930ಕ್ಕೆ ಹೇಳಿ. ಈ ಸಾಲ ತೀರಿಸಲು ಇನ್ನೊಂದು ಆ್ಯಪು ಹಾಕಬೇಡಿ.

ಚೌತಿಗೆ ಸಣ್ಣ ಮಣ್ಣಿನ ಗಣಪತಿ ಸಾಕು. ಗಣಪತಿಯ ಮೇಲೆ ತೂಗುವ ಫಲಾವಳಿಗೆ ಹಿತ್ತಲಿನ ಕಾಯಿ, ಹಣ್ಣನ್ನೇ ಕಟ್ಟಿ. ಒಂದೂವರೆ ದಿನಕ್ಕೆ ನೀರಿಗೆ ಬಿಡಿ. ಮೈದುನನಿಗೆ ಈಗಲೇ ಫೋನ್ ಮಾಡಿ, ಈ ಸಲ ಅಕ್ಕಿ, ಬೆಲ್ಲ, ಎಣ್ಣೆ ನಿಮ್ಮದು ಅಂತ ಹೇಳಿ. ನಾಚಿಕೆ ಏನಿಲ್ಲ.

ಕಾರವಾರ, ಹಿರಿಯರು: ಮೇಡಂ, ಸಾಲದ ವಿಷಯ ಹೇಳಿ. ದೇವರ ದಿನ ಕಡಿಮೆ ಮಾಡಲು ನೀವು ಯಾರು? ನಮ್ಮಲ್ಲಿ ಅಜ್ಜನ ಕಾಲದಿಂದ ಐದು ದಿನ.

ಕುಮಟಾ, ಸದಸ್ಯೆ: ಅಜ್ಜನ ಕಾಲದಲ್ಲಿ ವಾರದ ಕಂತು ಇತ್ತಾ?

ಕಾರವಾರ, ಹಿರಿಯರು: ನಿನ್ನ ಹತ್ತಿರ ಮಾತಾಡಲಿಲ್ಲ.

ಸಿದ್ದಾಪುರ, ಸದಸ್ಯರು: ನಮ್ಮ ಕಡೆ ಹಾಗೆ ಚಕ್ಕುಲಿ ಕಂಬಳ ಮಾಡಿ. ಊರವರೇ ಬಂದು ಸುತ್ತಿಕೊಡುತ್ತಾರೆ, ಪೇಟೆಯಿಂದ ತರುವ ಖರ್ಚಿಲ್ಲ.

ಕುಮಟಾ, ಸದಸ್ಯೆ: ಕಂಬಳಕ್ಕೆ ಬಂದವರಿಗೆ ಆಸರಿ (ಕುಡಿಯಲು), ಊಟ ಯಾರ ಲೆಕ್ಕ ಮಾರಾಯ್ರೆ?

ಸಿದ್ದಾಪುರ, ಸದಸ್ಯರು: ಘಟ್ಟದ ಕೆಳಗಿನವರಿಗೆ ಇದೆಲ್ಲ ತಿಳಿಯುವುದಿಲ್ಲ ಬಿಡಿ.

ಭಟ್ಕಳ, ಸದಸ್ಯರು: ಫಾರ್ವರ್ಡ್ ಆಗಿ ಬಂದದ್ದು: ಶುಕ್ರವಾರ ಕಲ್ಲುಪ್ಪು ತಂದು, ಪರ್ಸಿನಲ್ಲಿ ಐದು ಏಲಕ್ಕಿ ಇಟ್ಟರೆ 48 ದಿನದಲ್ಲಿ ಸಾಲ ತೀರುತ್ತದೆ. ಇನ್ನೊಂದು: ಸಾಲ ಮನ್ನಾ ಪತ್ರ ಕೊಡಿಸುತ್ತಾರೆ, ಫೀ 2,500 ಮಾತ್ರ.

ಮೇಡಂ: ಏಲಕ್ಕಿ ಪಾಯಸಕ್ಕೆ ಹಾಕಿ. ಎರಡನೆಯದು ತಮಾಷೆ ಅಲ್ಲ. ಫೀ ತಗೊಂಡು ಮನ್ನಾ ಪತ್ರ ಕೊಡುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕು 2023ರ ಡಿಸೆಂಬರಿನಲ್ಲೇ ಎಚ್ಚರಿಸಿದೆ. ಅಳಿಸಿ. ಈಗಲೇ.

ಭಟ್ಕಳ, ಸದಸ್ಯರು: ಒಳ್ಳೆಯದಾಗಲಿ ಅಂತ ಹಾಕಿದ್ದು.

ಮೇಡಂ: ಆ ಹೆಣ್ಣುಮಗಳ ಪ್ರಶ್ನೆಯ ಕೆಳಗೇ ಹಾಕಿದ್ದೀರಲ್ಲ, ಅವಳು 2,500 ಎಲ್ಲಿಂದ ತರಬೇಕು?

ಯಲ್ಲಾಪುರ, ಸದಸ್ಯರು: ಕಾರ್ಡಿನಲ್ಲಿ ಕನಿಷ್ಠ ಬಾಕಿ ಮಾತ್ರ ಕಟ್ಟುತ್ತಾ ಹೋದರೆ?

ಮೇಡಂ: ಉಳಿದದ್ದಕ್ಕೆ ತಿಂಗಳಿಗೆ 3ರಿಂದ 4% ಬಡ್ಡಿ. ಹೊಸ ಖರೀದಿಗೂ ಆ ದಿನದಿಂದಲೇ.

ಕಾರವಾರ, ಇನ್ನೊಬ್ಬರು: ಬಡ್ಡಿ ಇಲ್ಲದ ಕಂತಿನಲ್ಲಿ ಟೀವಿ?

ಮೇಡಂ: ಮೇಲೆ ಓದಿ.

ಕುಮಟಾ, ಸದಸ್ಯೆ: ಸಾರ್ವಜನಿಕ ಗಣಪತಿಯವರು ವಂತಿಗೆ 2,001 ಅಂತ ಅವರೇ ಚೀಟಿ ಬರೆದು ತರುತ್ತಾರೆ. ಏನು ಮಾಡುವುದು?

ಕಾರವಾರ, ಹಿರಿಯರು: ಕೊಡಲಾಗದವರು ಬಾಗಿಲು ಹಾಕಿಕೊಳ್ಳಲಿ.

ಅಡ್ಮಿನ್: ದಯವಿಟ್ಟು ಜಗಳ ಬೇಡ.

ಮೇಡಂ: ಅಂಕೋಲೆಯ ತಂಗಿ, ಫೋನ್ ಮಾಡಿದಿರಾ?

ಹೊನ್ನಾವರ, ಸದಸ್ಯರು: ನನ್ನ ಬಂಗಾರದ ಪ್ರಶ್ನೆ ಹಾಗೇ ಉಳಿಯಿತಲ್ಲ.

ಮೇಡಂ: ತಂಗಿ?

ಅಂಕೋಲಾ, ಸದಸ್ಯೆ: ಮಾಡಿದೆ ಮೇಡಂ. ನಮ್ಮವರೇ ಮಾತಾಡಿದರು, ಅರ್ಧ ಗಂಟೆ. ತಾಂಡೇಲರು ಬಂದಿದ್ದಾರೆ, ಹೊರಗೆ ಜಗಲಿ ಮೇಲೆ ಇಬ್ಬರೂ ಕೂತಿದ್ದಾರೆ. ಚಾ ಇಡಲು ಒಳಗೆ ಬಂದೆ.