ಪ್ರಶ್ನೋತ್ತರ: ಕ್ಯಾಶುವಾಲ್ಟಿಯಲ್ಲಿ ಕೈಕಟ್ಟಿ ನಿಂತಿದ್ದ ಡಾಕ್ಟರ್

ಪ್ರಶ್ನೆ (ಅರಸೀಕೆರೆ ಕಡೆಯವರು): ಗುಂಪಿನಲ್ಲಿ ಆಸ್ಪತ್ರೆ ಕೆಲಸದವರು ಯಾರಾದರೂ ಇದ್ದರೆ ಉತ್ತರ ಕೊಡಿ. ಹೋದ ತಿಂಗಳು ನನ್ನ ಅಣ್ಣ ಬರುತ್ತಿದ್ದ ಬಸ್ಸು ಪಲ್ಟಿಯಾಯಿತು. ಸುಮಾರು ಮೂವತ್ತು ಜನರನ್ನು ಒಂದೇ ಆಸ್ಪತ್ರೆಗೆ ತಂದರು. ಕ್ಯಾಶುವಾಲ್ಟಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಷ್ಟು ಗಲಾಟೆಯಲ್ಲಿ ಒಬ್ಬ ಹಿರಿಯ ಡಾಕ್ಟರ್ ಬಿಳಿ ಬೋರ್ಡಿನ ಪಕ್ಕ ಕೈಕಟ್ಟಿ ನಿಂತಿದ್ದರು. ಒಬ್ಬ ರೋಗಿಯನ್ನೂ ಮುಟ್ಟಲಿಲ್ಲ. ಅಣ್ಣನ ಕಾಲು ಮುರಿದು ಸ್ಟ್ರೆಚರ್ ಮೇಲೆ ನರಳುತ್ತಿದ್ದ. ‘ಸ್ವಲ್ಪ ನೋಡಿ ಸಾರ್’ ಅಂದರೆ, ‘ಹಳದಿ ಕಡೆ ಕರ್ಕೊಂಡು ಹೋಗಿ’ ಅಂತ ಬೆರಳು ತೋರಿಸಿದರು, ಅಷ್ಟೆ. ಅಣ್ಣ ಈಗ ಆರಾಮಾಗಿದ್ದಾನೆ. ನನಗೆ ಮಾತ್ರ ಆ ಸಿಟ್ಟು ಇನ್ನೂ ಇಳಿದಿಲ್ಲ. ಇದು ಸರಿಯಾ?

ಉತ್ತರ (ನರ್ಸಿಂಗ್ ಸೂಪರಿಂಟೆಂಡೆಂಟ್, ಬೆಂಗಳೂರು): ನಾನು 22 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಅದರಲ್ಲಿ 14 ವರ್ಷ ಕ್ಯಾಶುವಾಲ್ಟಿಯಲ್ಲೇ ಕಳೆದಿದ್ದು. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನೀವು ಬರೆದಿದ್ದನ್ನು ಓದಿದಾಗ ನನಗೆ ಅನಿಸಿದ್ದು, ಆ ಆಸ್ಪತ್ರೆಯವರಿಗೆ ಕೆಲಸ ಗೊತ್ತಿದೆ ಅಂತ.

ಅವತ್ತು ಆ ಡಾಕ್ಟರ್‌ಗೆ ಇದ್ದ ಕೆಲಸವೇ ರೋಗಿಯನ್ನು ಮುಟ್ಟದೆ ನಿಲ್ಲುವುದು. ಒಬ್ಬ ರೋಗಿಯ ಮೇಲೆ ಬಗ್ಗಿದರೆ ಉಳಿದ 29 ಜನ ಕಣ್ಣಿಂದ ಮರೆಯಾಗುತ್ತಾರೆ. ಯಾವ ಒಟಿ (ಆಪರೇಷನ್ ಥಿಯೇಟರ್) ಖಾಲಿ ಇದೆ, ಐಸಿಯುನಲ್ಲಿ ಎಷ್ಟು ಹಾಸಿಗೆ ಬಿಡಿಸಬಹುದು, ಸಿಟಿ ಸ್ಕ್ಯಾನ್ ಮುಂದೆ ಎಷ್ಟು ಜನ ಕಾಯುತ್ತಿದ್ದಾರೆ, ಇನ್ನೂ ಎಷ್ಟು ಆಂಬುಲೆನ್ಸ್ ದಾರಿಯಲ್ಲಿವೆ, ಇದೆಲ್ಲ ಒಬ್ಬರ ತಲೆಯಲ್ಲಿ ಇರಲೇಬೇಕು. ಆ ಬಿಳಿ ಬೋರ್ಡಿನ ಮೇಲೆ ಇದ್ದಿದ್ದು ಅದೇ.

ಇಂಥವರು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನೂ ನಾನು ನೋಡಿದ್ದೇನೆ. ಮೊದಲು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆ, ಹೆಸರು ಬೇಡ. ಟೆಂಪೊ ಟ್ರಾವೆಲರ್ ಅಪಘಾತ, ಹದಿನಾಲ್ಕು ಜನ. ಇಬ್ಬರು ಸೀನಿಯರ್‌ಗಳು, ಇಬ್ಬರೂ ಒಳ್ಳೆಯವರೇ. ಒಬ್ಬ ಹುಡುಗನನ್ನು ಸಿಟಿ ಸ್ಕ್ಯಾನ್‌ಗೆ ಕಳಿಸಿ ಅಂತ ಒಬ್ಬರು, ನೇರ ಒಟಿಗೆ ಅಂತ ಇನ್ನೊಬ್ಬರು. ಇಬ್ಬರೂ ನನಗೇ ಹೇಳಿದರು, ಅದೂ ಒಂದೇ ನಿಮಿಷದಲ್ಲಿ. ಸ್ಕ್ಯಾನ್ ಕೆಳಗಡೆ, ಒಟಿ ಮೇಲಿನ ಮಹಡಿಯಲ್ಲಿ. ಸ್ಟ್ರೆಚರ್ ತಳ್ಳುತ್ತಿದ್ದ ವಾರ್ಡ್ ಬಾಯ್ ಲಿಫ್ಟ್ ಮುಂದೆ ನಿಂತು ನನ್ನ ಮುಖ ನೋಡಿದ. ನಾನು ಯಾರ ಮುಖ ನೋಡಲಿ? ಗೋಡೆ ಗಡಿಯಾರದಲ್ಲಿ 8 ನಿಮಿಷ ಹೋಯಿತು. ಹುಡುಗ ಉಳಿದ. ಆದರೆ ಆ ಲಿಫ್ಟಿನ ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ.

ಪ್ರಶ್ನೆ (ಇನ್ನೊಬ್ಬರು): ಹಾಗಾದರೆ ಆ ಲೀಡರ್ ಯಾರು ಅಂತ ಯಾರು ತೀರ್ಮಾನ ಮಾಡುತ್ತಾರೆ? ಎಲ್ಲರಿಗಿಂತ ದೊಡ್ಡ ಡಾಕ್ಟರಾ?

ಉತ್ತರ: ಇಲ್ಲ. ದೊಡ್ಡ ಸರ್ಜನ್‌ರನ್ನು ಬೋರ್ಡಿನ ಪಕ್ಕ ನಿಲ್ಲಿಸಿದರೆ ಆಪರೇಷನ್ ಯಾರು ಮಾಡುತ್ತಾರೆ? ಸಾಮಾನ್ಯವಾಗಿ ಮೆಡಿಕಲ್ ಸೂಪರಿಂಟೆಂಡೆಂಟ್ ಅಥವಾ ತುರ್ತು ವಿಭಾಗದ ಮುಖ್ಯಸ್ಥರು ಆಗಿರುತ್ತಾರೆ. ಅವರು ಬರುವ ತನಕ ಡ್ಯೂಟಿಯಲ್ಲಿ ಇರುವವರೇ ಲೀಡರ್. ಬಂದ ಮೇಲೆ ‘ಈಗಿನಿಂದ ಚಾರ್ಜ್ ನನ್ನದು’ ಅಂತ ಬಾಯಿಬಿಟ್ಟು ಹೇಳಬೇಕು, ಟೈಮ್ ಬರೆಯಬೇಕು. ಸುಮ್ನೆ ಬಂದು ನಿಂತ ಮಾತ್ರಕ್ಕೆ ಚಾರ್ಜ್ ಬದಲಾಗುವುದಿಲ್ಲ.

ಒಬ್ಬರು ಚಾರ್ಜ್ ತೆಗೆದುಕೊಂಡು ಉಳಿದವರಿಗೆ ಕೆಲಸ ಹಂಚುವ ಈ ಪದ್ಧತಿ ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ, ಕಾಡ್ಗಿಚ್ಚಿನಲ್ಲಿ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಾಲು ಸಾಲು ಬೆಂಕಿ ಬಿತ್ತು. ಬೇರೆ ಬೇರೆ ಇಲಾಖೆಯ ಅಗ್ನಿಶಾಮಕದವರು ಬಂದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಪರದಾಡಿದರು. ಆಮೇಲೆ ಕೂತು ಮಾಡಿಕೊಂಡ ವ್ಯವಸ್ಥೆ ಇದು. 1991ರಲ್ಲಿ ಅದೇ ರಾಜ್ಯದ ಆರೆಂಜ್ ಕೌಂಟಿಯವರು ಅದನ್ನು ಆಸ್ಪತ್ರೆಗೆ ಹೊಂದಿಸಿದರು. ನಮ್ಮಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2007ರಲ್ಲಿ ಸಾಮೂಹಿಕ ಅವಘಡಗಳ ವೈದ್ಯಕೀಯ ಸಿದ್ಧತೆಗೆ ಮಾರ್ಗಸೂಚಿ ತಂದಿತು.

ಹೊಸ ನರ್ಸ್‌ಗಳಿಗೆ ಈ ವ್ಯವಸ್ಥೆಯ ಚಾರ್ಟ್ ತೋರಿಸಿದರೆ ನಿದ್ದೆ ಬರುತ್ತದೆ. ಅದಕ್ಕೆ ನಾನು ಮದುವೆ ಮನೆ ನೆನೆಸಿಕೊಳ್ಳಿ ಅನ್ನುತ್ತೇನೆ. ಪಂಕ್ತಿಯಲ್ಲಿ ಬಡಿಸುವವರು ಬೇರೆ. ಅದು ನಮ್ಮ ಚಿಕಿತ್ಸೆಯ ತಂಡ. ಉಗ್ರಾಣದ ಬೀಗದ ಕೈ ಒಬ್ಬರ ಸೊಂಟದಲ್ಲಿ ಇರುತ್ತದೆ. ನಮ್ಮಲ್ಲಿ ಅವರು ಆಕ್ಸಿಜನ್, ರಕ್ತ, ಔಷಧಿ, ಸ್ಟ್ರೆಚರ್, ಸಿಬ್ಬಂದಿಗೆ ಊಟ ಎಲ್ಲ ನೋಡುತ್ತಾರೆ. ಮುಂದಿನ ಪಂಕ್ತಿಗೆ ಎಷ್ಟು ಎಲೆ ಅಂತ ಎಣಿಸುವವರು ಒಬ್ಬರು, ಅಂದರೆ ಮುಂದಿನ ನಾಲ್ಕು ತಾಸಿಗೆ ಏನು ಬೇಕಾದೀತು ಅಂತ ಲೆಕ್ಕ ಹಾಕುವವರು. ಮುಯ್ಯಿ ಬರೆದುಕೊಳ್ಳುವವರು ಒಬ್ಬರು. ನಮ್ಮಲ್ಲೂ ಖರ್ಚು, ದಾಖಲೆ ಬರೆಯಲು ಒಬ್ಬರು ಬೇಕೇ ಬೇಕು. ಇವರೆಲ್ಲರ ಮೇಲೆ ಒಬ್ಬ ಯಜಮಾನ. ಯಜಮಾನರೇ ಸಾರಿನ ಬಕೆಟ್ ಹಿಡಿದು ಪಂಕ್ತಿಗೆ ಇಳಿದರೆ ಒಳಗೆ ಅನ್ನ ಮುಗಿದಿದ್ದು ಯಾರಿಗೆ ಗೊತ್ತಾಗುತ್ತದೆ?

ಒಬ್ಬರ ಕೈಕೆಳಗೆ 3ರಿಂದ 7 ಜನ, ಐದಾದರೆ ಚೆನ್ನ. ಅದಕ್ಕಿಂತ ಜಾಸ್ತಿಯಾದರೆ ಇನ್ನೊಬ್ಬ ಮುಖ್ಯಸ್ಥರನ್ನು ಮಾಡಬೇಕು. ಪ್ರತಿ ಸ್ಥಾನಕ್ಕೂ ಒಂದು ಬಣ್ಣದ ಜಾಕೆಟ್, ಜೇಬಿನಲ್ಲಿ ಒಂದು ಹಾಳೆ. ಮೊದಲ ಗಂಟೆಯಲ್ಲಿ ಏನು ಮಾಡಬೇಕು, ಆಮೇಲೆ ಏನು ಅಂತ ಹಾಳೆಯಲ್ಲಿ ಅಚ್ಚಾಗಿರುತ್ತದೆ. ಯಾರು ಹಾಕಿದರೂ ಜಾಕೆಟ್ ಅದೇ, ಕೆಲಸ ಅದೇ. ಗಾಬರಿಯಲ್ಲಿ ನೆನಪು ಕೈಕೊಡುತ್ತದೆ, ಹಾಳೆ ಕೈಕೊಡುವುದಿಲ್ಲ.

ಪ್ರತಿಕ್ರಿಯೆ (ತಾಲೂಕು ಆಸ್ಪತ್ರೆಯ ವೈದ್ಯರು): ಮೇಡಂ, ಇದೆಲ್ಲ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸರಿ. ನಮ್ಮಲ್ಲಿ ರಾತ್ರಿ ಇರುವುದು ನಾನೊಬ್ಬ, ಮೂವರು ಸಿಸ್ಟರ್, ಒಬ್ಬ ಡಿ ಗ್ರೂಪ್ ನೌಕರ. ಅದರಲ್ಲಿ ಒಬ್ಬ ಸಿಸ್ಟರ್ ಹೆರಿಗೆ ವಾರ್ಡ್ ಬಿಟ್ಟು ಬರುವ ಹಾಗಿಲ್ಲ. ನಾನೇ ಕೈಕಟ್ಟಿ ನಿಂತರೆ ಸೂಜಿ ಚುಚ್ಚುವವರು ಯಾರು?

ಉತ್ತರ: ಡಾಕ್ಟ್ರೇ, ನೀವು ಹೇಳುವುದು ನಿಜ. ನೀವು ನಿಲ್ಲಬೇಡಿ. ನಿಮ್ಮ ಸೀನಿಯರ್ ಸಿಸ್ಟರ್‌ನ ನಿಲ್ಲಿಸಿ. ಲೀಡರ್ ಡಾಕ್ಟರೇ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ಮೂವತ್ತು ಜನ ಬಂದರೆ ಐದು ಜನರಿಂದ ಚಿಕಿತ್ಸೆ ಆಗುವುದಿಲ್ಲ, ಅದು ನಿಮಗೂ ಗೊತ್ತು. ಅವತ್ತು ನಿಮ್ಮ ಮುಖ್ಯ ಕೆಲಸ ವಿಂಗಡಿಸುವುದು, ರಕ್ತ ನಿಲ್ಲಿಸುವುದು, ಉಸಿರಿನ ದಾರಿ ಬಿಡಿಸುವುದು. ಮುಂದಿನ ಊರಿಗೆ ಯಾರನ್ನು ಮೊದಲು ಕಳಿಸಬೇಕು, ಯಾವ 108 ಎಲ್ಲಿದೆ, ಜಿಲ್ಲಾ ಆಸ್ಪತ್ರೆಯಲ್ಲಿ ಯಾರು ಫೋನ್ ಎತ್ತುತ್ತಾರೆ ಅನ್ನುವುದು ಆ ಸಿಸ್ಟರ್ ಪಾಲು. ಒಂದು ನೋಟ್‌ಬುಕ್, ಒಂದು ಪೆನ್, ಒಂದು ಫೋನ್ ಸಾಕು. ಸಣ್ಣ ಜಾಗದಲ್ಲಿ ಒಬ್ಬರೇ ನಾಲ್ಕು ಜಾಕೆಟ್ ಹಾಕಿಕೊಳ್ಳಬಹುದು, ತಪ್ಪಿಲ್ಲ. ಆದರೆ ಚಿಕಿತ್ಸೆ ಕೊಡುತ್ತಿರುವವರೇ ಫೋನೂ ಮಾಡುತ್ತಿದ್ದರೆ ಎರಡೂ ಕೆಡುತ್ತದೆ.

ತಾಲೂಕು ಆಸ್ಪತ್ರೆಗೆ ಬೇಕಾದಷ್ಟು ಜನ ಕೊಡದೆ ಪ್ಲಾನ್ ಬರೆದು ಗೋಡೆಗೆ ಅಂಟಿಸಿ ಅನ್ನುವುದು ಅನ್ಯಾಯವೇ. ಅದರ ಬಗ್ಗೆ ನಿಮ್ಮ ಜೊತೆ ಜಗಳ ಇಲ್ಲ.

ಪ್ರಶ್ನೆ (ಅರಸೀಕೆರೆಯವರೇ ಮತ್ತೆ): ಹಳದಿ ಕಡೆ ಅಂದರೆ ಏನು? ನಮಗಿಂತ ಆಮೇಲೆ ಬಂದವರನ್ನು ಮೊದಲು ಒಳಗೆ ತೆಗೆದುಕೊಂಡರು.

ಉತ್ತರ: ಆ ದಿನ ಬಂದ ಕ್ರಮ ಲೆಕ್ಕಕ್ಕಿಲ್ಲ. ನಡೆಯಲು ಆಗುವವರು ಹಸಿರು. ನಡೆಯಲು ಆಗದವರಲ್ಲಿ ಮೂರು ನೋಡುತ್ತೇವೆ. ಉಸಿರು ನಿಮಿಷಕ್ಕೆ 30 ದಾಟಿದೆಯಾ? ಉಗುರು ಒತ್ತಿ ಬಿಟ್ಟರೆ ಕೆಂಪು ಬಣ್ಣ ವಾಪಸ್ ಬರಲು 2 ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆಯಾ? ‘ನನ್ನ ಬೆರಳು ಹಿಡಿ’ ಅಂದರೆ ಹಿಡಿಯುತ್ತಾರಾ? ಒಂದರಲ್ಲಿ ತಪ್ಪಿದರೂ ಕೆಂಪು, ಮೊದಲು ಒಳಗೆ. ಮೂರೂ ಸರಿ ಇದ್ದು ನಡೆಯಲು ಆಗದವರು ಹಳದಿ. ನಿಮ್ಮ ಅಣ್ಣ ಇದೇ. ಒಬ್ಬರಿಗೆ ಒಂದು ನಿಮಿಷದೊಳಗೆ ಮುಗಿಯಬೇಕು. ಹಳದಿ ಆದವರನ್ನು ಮತ್ತೆ ಮತ್ತೆ ನೋಡಬೇಕು, ಯಾಕೆಂದರೆ ಹಳದಿ ಕೆಂಪಾಗಲು ಹೊತ್ತು ಬೇಕಿಲ್ಲ.

ಕುತ್ತಿಗೆ ಸರಿಮಾಡಿ ಬಾಯಿ ತೆರೆದರೂ ಉಸಿರು ಬರದಿದ್ದರೆ ಕಪ್ಪು, ಅಂದರೆ ಉಳಿಸಲು ಆಗದವರು. ಆ ಬಣ್ಣದ ಗುರುತಿನ ಪಟ್ಟಿ ಕಟ್ಟಿ ಮುಂದೆ ಹೋಗಬೇಕು. ನಾನು ಎರಡು ಸಲ ಕಟ್ಟಿದ್ದೇನೆ. ಎರಡನೆಯ ಸಲ ಕಟ್ಟಿ ಮುಂದೆ ಹೋಗುವಾಗ ನನ್ನ ಸೀರೆಯ ಸೆರಗು ಯಾರೋ ಹಿಡಿದಿದ್ದರು. ತಾಯಿ ಇರಬೇಕು.

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್): ನಮ್ಮ ಆಸ್ಪತ್ರೆಯಲ್ಲಿ ಇಂಥ ದಿನ ರಜೆಯಲ್ಲಿದ್ದವರೆಲ್ಲ ಓಡಿ ಬಂದರು. ಆದರೆ ನಮ್ಮನ್ನು ಸೆಮಿನಾರ್ ಹಾಲಿನಲ್ಲಿ ಕೂರಿಸಿ ಅರ್ಧ ಜನರನ್ನು ಮನೆಗೆ ಕಳಿಸಿದರು! ಅವಮಾನ ಆಯ್ತು ನಿಜ ಹೇಳಬೇಕಂದ್ರೆ.

ಉತ್ತರ: ಮನೆಗೆ ಕಳಿಸಿದವರಿಗೆ ಒಂದು ನಮಸ್ಕಾರ. ಕ್ಯಾಶುವಾಲ್ಟಿಗೆ ಎಲ್ಲರೂ ನುಗ್ಗಿದರೆ ಸ್ಟ್ರೆಚರ್‌ಗೇ ದಾರಿ ಇರುವುದಿಲ್ಲ. ಬಂದವರು ಹಾಲಿನಲ್ಲಿ ಹೆಸರು, ವಿಭಾಗ ಬರೆಸಬೇಕು, ಕರೆದಾಗ ಹೋಗಬೇಕು. ಇನ್ನೊಂದು ವಿಷಯ: ಸಂಜೆ ಆರಕ್ಕೆ ಎಲ್ಲರೂ ಬಂದು ಬೆಳಗಿನವರೆಗೆ ನಿಂತರೆ ಮರುದಿನ ಎಂಟು ಗಂಟೆಗೆ ಯಾರಿದ್ದಾರೆ? ಆಪರೇಷನ್ ಆದ ರೋಗಿಗಳು ಐಸಿಯುನಲ್ಲಿ ಇರುವುದು ಆಗಲೇ ಅಲ್ವಾ? ಅದಕ್ಕೆ 12 ಗಂಟೆಯ ಎರಡು ಪಾಳಿ ಮೊದಲ ಗಂಟೆಯಲ್ಲೇ ಮಾಡಿಬಿಡಬೇಕು. ಕೋವಿಡ್ ಸಮಯದಲ್ಲಿ ಇದನ್ನು ಕಷ್ಟಪಟ್ಟು ಕಲಿತೆವು.

ಸಿಬ್ಬಂದಿಯನ್ನು ಯಾವ ಕೆಲಸಕ್ಕೆ ಹಾಕಬೇಕು ಅನ್ನುವುದೂ ಘಟನೆಯ ಮೇಲೆ ಹೋಗುತ್ತದೆ. 2010ರ ಮೇ 22ರ ಮಂಗಳೂರು ವಿಮಾನ ದುರಂತ ನೆನಪಿದೆಯಲ್ಲ. ವಿಮಾನದಲ್ಲಿದ್ದ 166 ಜನರಲ್ಲಿ ಬದುಕಿದ್ದು 8 ಮಂದಿ. ಅಂಥ ದಿನ ಸರ್ಜನ್‌ಗಿಂತ ಜಾಸ್ತಿ ಬೇಕಾಗುವುದು ಶವಾಗಾರದವರು, ವಿಧಿವಿಜ್ಞಾನದವರು, ಮನೆಯವರ ಜೊತೆ ಕೂತು ಮಾತಾಡುವವರು. ಕೆಲವರ ಗುರುತು ಹಚ್ಚಲು ಡಿಎನ್‌ಎ ಪರೀಕ್ಷೆಯೇ ಬೇಕಾಯಿತು.

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ): ಮೇಡಂ, ಒಳ್ಳೆಯ ನಾಯಕತ್ವಕ್ಕೆ ಒಂದು ಉದಾಹರಣೆ ಹೇಳಿ ಅಂದರೆ ಯಾರನ್ನು ಹೇಳುತ್ತೀರಿ? ಅಸೈನ್‌ಮೆಂಟ್ ಇದೆ!

ಉತ್ತರ: ಟೋಕಿಯೊದ ಸೇಂಟ್ ಲ್ಯೂಕ್ಸ್ ಆಸ್ಪತ್ರೆ. 1995ರ ಮಾರ್ಚ್ 20, ಮೆಟ್ರೊ ರೈಲುಗಳಲ್ಲಿ ಸಾರಿನ್ ವಿಷಾನಿಲ ಬಿಟ್ಟ ದಿನ. ಆ ಒಂದೇ ದಿನ ಅಲ್ಲಿಗೆ 640 ಜನ ಬಂದರು. ಮುಖ್ಯಸ್ಥರು ಶಿಗೆಯಾಕಿ ಹಿನೊಹರಾ, ಆಗ ವಯಸ್ಸು 83. ಅವತ್ತಿನ ಹೊರರೋಗಿಗಳ ವಿಭಾಗ ನಿಲ್ಲಿಸಿದರು, ಬಂದವರನ್ನೆಲ್ಲ ಒಳಗೆ ತೆಗೆದುಕೊಳ್ಳಿ ಅಂದರು. ಹಾಸಿಗೆ ಎಲ್ಲಿಂದ? ಎರಡನೇ ಮಹಾಯುದ್ಧದಲ್ಲಿ ಟೋಕಿಯೊ ಮೇಲೆ ಬಾಂಬ್ ಬಿದ್ದಾಗ ಗಾಯಾಳುಗಳಿಗೆ ಜಾಗವಿಲ್ಲದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅದಕ್ಕೇ ಹೊಸ ಕಟ್ಟಡ ಕಟ್ಟುವಾಗ ಪ್ರಾರ್ಥನಾ ಮಂದಿರ, ಲಾಬಿಯ ಗೋಡೆಗಳಲ್ಲೂ ಆಕ್ಸಿಜನ್ ಪೈಪ್ ಹಾಕಿಸಿದ್ದರು. ಅವತ್ತು ರೋಗಿಗಳನ್ನು ಮಲಗಿಸಲು ಆ ಜಾಗಗಳೇ ಒದಗಿದವು.

ಅದೇ ಅಸೈನ್‌ಮೆಂಟ್‌ನಲ್ಲಿ ಎಡವಿದ್ದನ್ನೂ ಬರೆಯಮ್ಮ. ರೋಗಿಗಳ ಬಟ್ಟೆ ಬಿಚ್ಚಿಸಿ ತೊಳೆಯದೆ ಒಳಗೆ ತಂದಿದ್ದರಿಂದ ಹಲವು ಸಿಬ್ಬಂದಿಗೂ ಕಣ್ಣು ಮಂಜಾಯಿತು, ತಲೆನೋವು ಬಂತು. ಸುರಕ್ಷತೆ ನೋಡಿಕೊಳ್ಳಲು ಬೇರೆಯೇ ಒಬ್ಬರು ಇರಬೇಕು ಅನ್ನುವುದು ಇದಕ್ಕೇ. ಅವರು ‘ನಿಲ್ಲಿಸಿ’ ಅಂದರೆ ಲೀಡರ್ ಕೂಡ ನಿಲ್ಲಿಸಬೇಕು.

ಪ್ರಶ್ನೆ (ತಿಪಟೂರಿನಿಂದ): ನಮ್ಮಂಥವರು ಏನು ಮಾಡಬಹುದು? ಅಪಘಾತ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದ ತಕ್ಷಣ ಹುಡುಗರೆಲ್ಲ ರಕ್ತ ಕೊಡಲು ಹೊರಡುತ್ತೇವೆ.

ಉತ್ತರ: ಮನಸ್ಸು ದೊಡ್ಡದು, ಆದರೆ ಹೊರಡುವ ಮೊದಲು ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ. ಅವತ್ತು ಕೊಟ್ಟ ರಕ್ತ ಅವತ್ತೇ ತಕ್ಷಣ ಹಾಕಲು ಬರುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗಬೇಕು. ಮೊದಲ ಗಂಟೆಗಳಲ್ಲಿ ಜೀವ ಉಳಿಸುವುದು ಫ್ರಿಜ್‌ನಲ್ಲಿ ಆಗಲೇ ಇದ್ದ ರಕ್ತ. ಅಂದರೆ ಹೋದ ವಾರ ಯಾರೋ ಸುಮ್ನೆ ಬಂದು ಕೊಟ್ಟು ಹೋಗಿದ್ದು. ಗಂಡಸರು ಒಮ್ಮೆ ಕೊಟ್ಟ ಮೇಲೆ ಮತ್ತೆ ಕೊಡಲು 3 ತಿಂಗಳು, ಹೆಂಗಸರು 4 ತಿಂಗಳು ಕಾಯಬೇಕು. ಇಡೀ ಊರಿನ ಹುಡುಗರು ಒಂದೇ ಸಂಜೆ ಕೊಟ್ಟುಬಿಟ್ಟರೆ ಮುಂದಿನ 3 ತಿಂಗಳು ನಾನು ಯಾರಿಗೆ ಫೋನ್ ಮಾಡಲಿ? ಬ್ಲಡ್ ಬ್ಯಾಂಕಿನಲ್ಲಿ ಹೆಸರು, ಗುಂಪು, ನಂಬರ್ ಬರೆಸಿ. ಇಬ್ಬಿಬ್ಬರಂತೆ ಅವರೇ ಕರೆಯುತ್ತಾರೆ. ಮತ್ತೆ ಆಸ್ಪತ್ರೆಯ ಗೇಟಿನ ಮುಂದೆ ಬೈಕ್ ನಿಲ್ಲಿಸಬೇಡಿ, ಆಂಬುಲೆನ್ಸ್ ತಿರುಗುವುದು ಅಲ್ಲೇ.