1ರಿಂದ 2ಕ್ಕೆ ಬೀಳುವಾಗ ಜೋರು ಜರ್ಕ್, ಏನು ಮಾಡಲಿ?

ಬದಿಯಡ್ಕದವ: ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ಆಟೋಮ್ಯಾಟಿಕ್ ಗಾಡಿ. 2ನೇ ಗೇರ್ ಬೀಳುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಆಗುತ್ತದೆ. 3, 4 ಸರಿ ಇದೆ. ಗೇರ್‌ಬಾಕ್ಸಿನ ಆಯಿಲ್, ಫಿಲ್ಟರ್ ಎರಡೂ ಹೊಸದು.

ಕುಂಬಳೆ ಗೇರ್: ಆಯಿಲ್‌ದೇ ತೊಂದರೆ. ಯಾವ ಗ್ರೇಡ್?

ಬದಿಯಡ್ಕದವ: ಮ್ಯಾನುವಲ್‌ನಲ್ಲಿ ಇದ್ದದ್ದೇ.

ಕುಂಬಳೆ ಗೇರ್: ಹಾಗಾದ್ರೆ ಲೆವೆಲ್. ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗ ನೋಡಿದ್ರಾ?

ಉಪ್ಪಳ ರೈಡರ್: ಎಎಂಟಿಯಾ? ನನ್ನದರಲ್ಲೂ ಹೀಗೆ ಆಗಿತ್ತು, ಕ್ಲಚ್ ಸೆಟ್ ಮಾಡಿದ ಮೇಲೆ ಹೋಯಿತು.

ಕುಂಬಳೆ ಗೇರ್: ಎಎಂಟಿ ಒಳಗೆ ಮ್ಯಾನುವಲ್ ಗೇರ್‌ಬಾಕ್ಸೇ ಮಾರಾಯ್ರೆ, ಕ್ಲಚ್ ಒತ್ತಿ ಗೇರ್ ಹಾಕುವುದು ಮಾತ್ರ ಯಂತ್ರ. ಅದನ್ನು ಆಟೋಮ್ಯಾಟಿಕ್ ಅನ್ನಬೇಡಿ.

ಉಪ್ಪಳ ರೈಡರ್: ಯಾಕೆ ಅನ್ನಬಾರದು? ಪಾಣತ್ತೂರಿನಿಂದ ಕರಿಕೆ ದಾರಿಯಲ್ಲಿ ಭಾಗಮಂಡಲಕ್ಕೆ ನಾಲ್ಕು ಜನ, ಲಗೇಜ್ ಹಾಕಿ ಹತ್ತಿಸಿದ್ದೇನೆ.

ಶಾರ್ಜಾ ಗ್ಯಾರೇಜ್: ಬದಿಯಡ್ಕದವರೇ, ಫಿಲ್ಟರ್ ಬದಲಿಸುವಾಗ ವಾಲ್ವ್ ಬಾಡಿ, ಅಂದ್ರೆ ಗೇರ್ ಬದಲಿಸಲು ಆಯಿಲ್ ಹಂಚುವ ಬ್ಲಾಕ್, ಇಳಿಸಿದ್ರಾ?

ಬದಿಯಡ್ಕದವ: ಹೌದು, ಬಿಚ್ಚಿ ತೊಳೆದು ಕೂರಿಸಿದೆ. ಜರ್ಕ್ ಶುರುವಾದದ್ದು ಆಮೇಲೆಯೇ.

ಶಾರ್ಜಾ ಗ್ಯಾರೇಜ್: ಅದನ್ನೇ ಮೊದಲು ಹೇಳಬೇಕಿತ್ತು ಅಣ್ಣ. ಅದರ ಓಣಿಗಳಲ್ಲಿ ಕಾಳುಮೆಣಸಿನಂಥ ಗುಂಡುಗಳಿರುತ್ತವೆ, ಚೆಕ್ ಬಾಲ್. ಹೆಚ್ಚಿನವಕ್ಕೆ ಸ್ಪ್ರಿಂಗ್ ಇಲ್ಲ, ಆಯಿಲ್ ತಳ್ಳಿದ ಕಡೆಗೆ ಹೋಗುತ್ತವೆ. ಗೇರ್ ಹಿಡಿಯುವ ಒಳಗಿನ ಕ್ಲಚ್‌ಗೆ ಆಯಿಲ್ ಹೋಗುವಾಗ ಗುಂಡು ಸೆಪರೇಟರ್ ಪ್ಲೇಟಿನ (ಓಣಿಗಳ ಮೇಲೆ ಕೂರುವ ತೂತು ತೂತಿನ ತಗಡು) ದೊಡ್ಡ ತೂತಿನ ಮೇಲೆ ಕೂರುತ್ತದೆ. ಆಯಿಲ್ ಪಕ್ಕದ ಸಣ್ಣ ತೂತಿನಿಂದಲೇ ಹೋಗಬೇಕು. ಹಾಗಾಗಿ ಕ್ಲಚ್ ಮೆಲ್ಲಗೆ ಹಿಡಿಯುತ್ತದೆ. ಬಿಡುವಾಗ ಆಯಿಲ್ ವಾಪಸ್ ಬಂದು ಗುಂಡನ್ನು ಎಬ್ಬಿಸುತ್ತದೆ, ದೊಡ್ಡ ತೂತಿನಿಂದ ಬೇಗ ಖಾಲಿಯಾಗುತ್ತದೆ. ಗುಂಡೇ ಇಲ್ಲದಿದ್ದರೆ? ತುಂಬುವಾಗಲೂ ದೊಡ್ಡ ತೂತು ತೆರೆದೇ ಇರುತ್ತದೆ, ಕ್ಲಚ್ ದಡಕ್ಕನೆ ಕಚ್ಚುತ್ತದೆ. ನಿಮ್ಮ ಜರ್ಕ್ ಅದೇ ಅಂತ ನನ್ನ ಅಂದಾಜು.

ಕುಂಬಳೆ ಗೇರ್: ಬಿಚ್ಚುವ ಮೊದಲು ಲೆವೆಲ್ ನೋಡಿ. ಸುಮ್ನೆ ಎರಡು ಸಲ ಕೆಲಸ ಬೇಡ.

ಬದಿಯಡ್ಕದವ: ಲೆವೆಲ್ ಸರಿ ಇದೆ. ತೊಳೆದ ಬೇಸಿನ್‌ನಲ್ಲಿ ಒಂದು ಗುಂಡು ಸಿಕ್ಕಿತ್ತು! ಹಳೇ ಬೇರಿಂಗಿನದ್ದು ಅಂತ ಡಬ್ಬಿಗೆ ಹಾಕಿದ್ದೆ. ಎಲ್ಲಿ ಕೂರಿಸಲಿ? ಅದು ಕೂರುವಂಥ ಜಾಗ ತುಂಬಾ ಇದೆ.

ಶಾರ್ಜಾ ಗ್ಯಾರೇಜ್: ಅಂದಾಜಿಗೆ ಹಾಕಬೇಡಿ. ಕೆಲವು ಜಾಗ ಖಾಲಿಯೇ ಇರಬೇಕು. ತಪ್ಪಿದರೆ ಕ್ಲಚ್ ಜಾರಿ ಸುಟ್ಟೀತು. ಪ್ಲೇಟಿನ ತೂತುಗಳನ್ನೂ ನೋಡಿ, ಸ್ಟೀಲ್ ಗುಂಡು ವರ್ಷಗಟ್ಟಲೆ ಬಡಿದು ಅಂಚು ಸವೆದಿರಬಹುದು. ಗುಂಡು ಬೀಳದ ಹಾಗೆ ವ್ಯಾಸಲಿನ್ ಹಚ್ಚಿ, ಚಾಸಿ ಗ್ರೀಸ್ ಬೇಡ, ಅದು ಆಯಿಲ್‌ನಲ್ಲಿ ಕರಗುವುದಿಲ್ಲ. ಯಾವ ಗಾಡಿ, ಯಾವ ವರ್ಷ? ಇನ್ನೂ ಹೇಳಿಲ್ಲ ನೀವು. ಗೇರ್‌ಬಾಕ್ಸ್ ಮೇಲಿನ ನಂಬರ್ ಹಾಕಿ, ಅದರ ಡಯಾಗ್ರಾಂ ಹುಡುಕುತ್ತೇನೆ.

ಉಪ್ಪಳ ರೈಡರ್: ಕರಿಕೆ ದಾರಿಯ ಫೋಟೋ ಹಾಕಿದ್ದೇನೆ, ನೋಡಿ.

ಶಾರ್ಜಾ ಗ್ಯಾರೇಜ್: ಬದಿಯಡ್ಕದವರೇ, ನಂಬರ್?